ಸೋತ ಕಾರಣ, ಉಳಿದ ತೀರ್ಮಾನ: ದಿನನಿತ್ಯದ ವಾದಗಳಲ್ಲಿ ಹೇತ್ವಾಭಾಸ

ಪ್ರವೇಶ

ವಾದದಲ್ಲಿ ದೋಷ ಹಿಡಿದೊಡನೆ ತೀರ್ಮಾನವೂ ಬಿದ್ದುಹೋಯಿತು ಎಂದುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಗೌತಮನ ನ್ಯಾಯಸೂತ್ರ ಬೇರೆ ದಾರಿ ತೋರಿಸುತ್ತದೆ. ಅದು ಹೇಳುವ ಐದು ಹೇತ್ವಾಭಾಸಗಳು, ಅಂದರೆ ಕಾರಣದಂತೆ ತೋರುವ ಹುಸಿ ಕಾರಣಗಳು: ಸವ್ಯಭಿಚಾರ, ವಿರುದ್ಧ, ಪ್ರಕರಣಸಮ, ಸಾಧ್ಯಸಮ ಮತ್ತು ಕಾಲಾತೀತ. ಇವೆಲ್ಲ ಮೊದಲು ಪರೀಕ್ಷಿಸುವುದು ಕೊಟ್ಟ ಕಾರಣವನ್ನು. ಕಾರಣದ ಸೋಲನ್ನು ತೀರ್ಮಾನದ ಸೋಲಿನಿಂದ ಬೇರ್ಪಡಿಸಿ ನೋಡದಿದ್ದರೆ ದೋಷ ಗುರುತಿಸುವ ವಿದ್ಯೆಯೇ ಹೊಸ ದೋಷವಾಗುತ್ತದೆ ಎಂಬುದು ಈ ಲೇಖನದ ವಾದ.

ಬೀದಿಯ ವಾದಗಳು

ಬೆಂಗಳೂರಿನಲ್ಲಿ ಹಲಸೂರಿನ ಪಕ್ಕದ ಮರ್ಫಿ ಟೌನಿಗೆ ಮೊದಲಿದ್ದ ಹೆಸರು ನಾಕ್ಸ್‌ಪೇಟೆ. 1947ರವರೆಗೆ ಇದು ಬ್ರಿಟಿಷರ ಆಡಳಿತದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಭಾಗವಾಗಿತ್ತು. ಇಂಥ ಹಳೆಯ ಬಡಾವಣೆಯಲ್ಲಿ ಎದ್ದುಬರಬಹುದಾದ ಮೂರು ಮಾತುಗಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ.

“ನಮ್ಮ ಬೀದಿಗೆ ಕಾವೇರಿ ನೀರು ಸರಿಯಾಗಿ ಬರ್ತಿದೆ, ಏರಿಯಾದಲ್ಲಿ ನೀರಿನ ತೊಂದರೆಯೇ ಇಲ್ಲ.” ಒಂದು ಬೀದಿಗೆ ನೀರು ಬಂದರೂ ಮುಂದಿನ ಬೀದಿಯ ನಲ್ಲಿ ಒಣಗಿರಬಹುದು. ಕಾರಣವಿದ್ದಲ್ಲೆಲ್ಲ ತೀರ್ಮಾನ ನಿಲ್ಲುವುದಿಲ್ಲವಾದ್ದರಿಂದ ಇದು ಸವ್ಯಭಿಚಾರ.

“ಬಾಡಿಗೆಗೆ ಬಂದವರಿಂದಲೇ ಮೂಲೆಯಲ್ಲಿ ಕಸ ಬೀಳ್ತಿರೋದು, ಅವರಿಗೆ ಊರಿನ ಕಾಳಜಿ ಇಲ್ಲ.” ಕಾಳಜಿ ಇಲ್ಲವೆಂಬುದಕ್ಕೂ ಸಾಕ್ಷ್ಯ ಬೇಕು. ತೀರ್ಮಾನದಷ್ಟೇ ಕಾರಣವೂ ಅಸಿದ್ಧ, ಹಾಗಾಗಿ ಇದು ಸಾಧ್ಯಸಮ.

“ನೀವು ನಿನ್ನೆಮೊನ್ನೆ ಬಂದವರು, ನಿಮಗೇನು ಗೊತ್ತು?” ಇಲ್ಲಿ ಕಾರಣವೇ ಇಲ್ಲ. ಸ್ವಂತ ಪಕ್ಷವನ್ನು ಸ್ಥಾಪಿಸದೆ ಎದುರಿನವರನ್ನು ಕೆಡವುವುದಷ್ಟೇ ಗುರಿಯಾದರೆ ನೈಯಾಯಿಕರು ಅದನ್ನು ವಿತಂಡ ಎಂದರು.

ಪ್ಲೇಗಿನ ಪಾಠ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ದಂಡುಪ್ರದೇಶವೂ ನಲುಗಿತು. ಆಗ ಜನ ಊರು ಬಿಟ್ಟು ಬಯಲಿನ ಜೋಪಡಿಗಳಿಗೆ ಹೋದರು. ಅದಕ್ಕೆ ಹಲವರು ಕೊಟ್ಟ ಕಾರಣ, ಊರೊಳಗಿನ ಕೆಟ್ಟ ಗಾಳಿ. ಅದೇ 1898ರಲ್ಲಿ ಪೌಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ನಡೆಸಿದ ಪ್ರಯೋಗದಿಂದ, ಪ್ಲೇಗನ್ನು ದಾಟಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದರು. ಕೆಟ್ಟ ಗಾಳಿಯ ವಾದ ಅಲ್ಲಿಗೆ ಸೋತಿತು. ಊರು ಬಿಡಬೇಕೆಂಬ ತೀರ್ಮಾನ ಮಾತ್ರ ಸೋಲಲಿಲ್ಲ, ಏಕೆಂದರೆ ಮನೆ ಬಿಟ್ಟವರು ಇಲಿಗಳಿಂದಲೂ ದೂರವಾಗಿದ್ದರು. ಕಾರಣ ಕೆಟ್ಟಿತೆಂದು ಜನರನ್ನು ಮನೆಗೆ ಮರಳಿಸಿದ್ದರೆ ಸಾವುಗಳು ಹೆಚ್ಚುತ್ತಿದ್ದವು.

ಪೂಜೆಯ ನಂತರ ಪ್ಲೇಗ್ ಇಳಿಯಿತೆಂಬ ನಂಬಿಕೆಯನ್ನೂ ಇದೇ ರೀತಿ ಪರೀಕ್ಷಿಸಬೇಕು. ಬಿರುಬೇಸಗೆಯಲ್ಲಿ ಚಿಗಟಗಳು ಹೆಚ್ಚು ಕಾಲ ಬದುಕುವುದಿಲ್ಲ, ಪೂಜೆ ನಡೆಯದ ಊರಲ್ಲೂ ರೋಗ ಇಳಿಯುತ್ತಿತ್ತು. ಒಂದರ ಬೆನ್ನಿಗೆ ಇನ್ನೊಂದು ನಡೆದ ಮಾತ್ರಕ್ಕೆ ಕಾರ್ಯಕಾರಣ ಸಂಬಂಧ ಸಿದ್ಧವಾಗುವುದಿಲ್ಲ. ಇದನ್ನೇ ಕಾಕತಾಳೀಯ ಎನ್ನುತ್ತೇವೆ.

ಮುಲ್ಕೋವಾಲದ ಸೀಸೆ

ಅನುಕ್ರಮದ ದೋಷ ಎಷ್ಟು ಅನ್ಯಾಯ ಮಾಡಬಲ್ಲದೆಂಬುದಕ್ಕೆ ಪಂಜಾಬಿನ ಮುಲ್ಕೋವಾಲ ಗ್ರಾಮ ಸಾಕ್ಷಿ. 1902ರ ಅಕ್ಟೋಬರಿನಲ್ಲಿ ಅಲ್ಲಿ 107 ಜನರಿಗೆ ವಾಲ್ಡೆಮಾರ್ ಹಾಫ್‌ಕಿನ್ ಅವರ ಪ್ಲೇಗ್ ಲಸಿಕೆ ಹಾಕಲಾಯಿತು. 19 ಜನ ಧನುರ್ವಾಯುವಿನಿಂದ ಸತ್ತರು. ಲಸಿಕೆ ಹಾಕಿದ ಮೇಲೆ ಸತ್ತರು, ಆದ್ದರಿಂದ ತಯಾರಿಕೆಯೇ ದೋಷಪೂರ್ಣ ಎಂಬ ತರ್ಕ ಹುಟ್ಟಿ ಹಾಫ್‌ಕಿನ್ ಅಮಾನತಾದರು.

ಕೇಳಬೇಕಿದ್ದ ಪ್ರಶ್ನೆ ಬೇರೆ: ಲಸಿಕೆ ಪಡೆದೂ ಬದುಕಿದವರಿಗೂ ಸತ್ತವರಿಗೂ ಇದ್ದ ವ್ಯತ್ಯಾಸವೇನು? ಸತ್ತ 19 ಜನರೂ ಒಂದೇ ಸೀಸೆಯ ಮದ್ದು ಪಡೆದಿದ್ದರು. ಲಸಿಕೆ ಎಲ್ಲರಿಗೂ ಸಮಾನ, ಆ ಸೀಸೆ ಮಾತ್ರ ಸತ್ತವರದ್ದು. ಅದು ಇದ್ದಲ್ಲಿ ಸಾವು, ಇಲ್ಲದಲ್ಲಿ ಬದುಕು. ಇದೇ ಅನ್ವಯ ಮತ್ತು ವ್ಯತಿರೇಕದ ಪರೀಕ್ಷೆ. ಹಾಫ್‌ಕಿನ್ ಅವರ ಹೆಸರಿನ ಕಳಂಕ ತೊಳೆಯಲು 1907ರವರೆಗೆ ಕಾಯಬೇಕಾಯಿತು.

ಉಪಸಂಹಾರ

ದೋಷ ಕಂಡಾಗ ಎರಡು ಹೆಜ್ಜೆ ಬೇಕು. ಕಾರಣವಿದ್ದೂ ತೀರ್ಮಾನವಿಲ್ಲದ ಒಂದು ನಿದರ್ಶನವನ್ನು ಹುಡುಕುವುದು ಮೊದಲನೆಯದು. ಕಾರಣ ಸೋತರೂ ತೀರ್ಮಾನಕ್ಕೆ ಬೇರೆ ಆಧಾರವಿದೆಯೇ ಎಂದು ವಿಚಾರಿಸುವುದು ಎರಡನೆಯದು. ಬಾಡಿಗೆದಾರರ ಮೇಲಿನ ಆರೋಪ ಸಾಧ್ಯಸಮವೆಂದು ತೋರಿಸಿದ ಮೇಲೂ ಮೂಲೆಯ ಕಸ ಅಲ್ಲೇ ಇರುತ್ತದೆ. ಅದನ್ನು ಯಾರು, ಯಾವ ಹೊತ್ತಿಗೆ ಹಾಕುತ್ತಾರೆ, ಕಸದ ಗಾಡಿ ಎಷ್ಟು ಗಂಟೆಗೆ ಬರುತ್ತದೆ ಎಂದು ನೋಡುವ ಕೆಲಸ ಆಗಷ್ಟೇ ಶುರುವಾಗುತ್ತದೆ. ಗೆಲ್ಲಲು ನಡೆಸುವ ಜಲ್ಪ ಮೊದಲ ಹೆಜ್ಜೆಗೇ ನಿಲ್ಲುತ್ತದೆ. ನಿಜ ತಿಳಿಯಲು ನಡೆಸುವ ವಾದ ಎರಡನೆಯದನ್ನೂ ಇಡುತ್ತದೆ.