ಉತ್ತರದಿಂದ ಹಿಂದಕ್ಕೆ: ವಿಲೋಮ ಗಣಿತದ ಕಥೆ

‘ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳಿ, ಎರಡರಿಂದ ಗುಣಿಸಿ, ಆರು ಕೂಡಿಸಿ, ಬಂದದ್ದನ್ನು ಹೇಳಿ. ನಿಮ್ಮ ಸಂಖ್ಯೆ ಯಾವುದೆಂದು ನಾನು ಹೇಳುತ್ತೇನೆ’ ಎಂಬ ಆಟ ಮಕ್ಕಳಿಗೆಲ್ಲ ಗೊತ್ತು. ಇದರ ಹಿಂದಿರುವ ಸೂತ್ರ ಭಾರತದಲ್ಲಿ ಹದಿನೈದು ಶತಮಾನಗಳಷ್ಟು ಹಳೆಯದು.

ಕ್ರಿ.ಶ. 499ರ ಸುಮಾರಿನ ‘ಆರ್ಯಭಟೀಯ’ದಲ್ಲಿ ಆರ್ಯಭಟ ಇದನ್ನು ಒಂದೇ ಶ್ಲೋಕದಲ್ಲಿ ಹೇಳಿದ್ದಾನೆ. ಹಿಂದಕ್ಕೆ ಸಾಗುವಾಗ ಗುಣಾಕಾರ ಭಾಗಾಕಾರವಾಗುತ್ತದೆ, ಸಂಕಲನ ವ್ಯವಕಲನವಾಗುತ್ತದೆ. 628ರಲ್ಲಿ ಬ್ರಹ್ಮಗುಪ್ತ ವರ್ಗ, ವರ್ಗಮೂಲಗಳಿಗೂ ಇದೇ ನಿಯಮವನ್ನು ವಿಧಿಸಿದ.

1150ರಲ್ಲಿ ಭಾಸ್ಕರಾಚಾರ್ಯ ‘ಲೀಲಾವತಿ’ಯಲ್ಲಿ ಇದಕ್ಕೊಂದು ಸೊಗಸಾದ ಲೆಕ್ಕ ಕೊಟ್ಟ. ಒಂದು ಸಂಖ್ಯೆಯನ್ನು 3ರಿಂದ ಗುಣಿಸಿ, ಗುಣಲಬ್ಧದ ಮುಕ್ಕಾಲು ಭಾಗವನ್ನು ಅದಕ್ಕೇ ಸೇರಿಸಿ, 7ರಿಂದ ಭಾಗಿಸಿ, ಬಂದದ್ದರಲ್ಲಿ ಮೂರನೇ ಒಂದು ಭಾಗ ಕಳೆದು, ವರ್ಗ ಮಾಡಿ, 52 ಕಳೆದು, ವರ್ಗಮೂಲ ತೆಗೆದು, 8 ಕೂಡಿಸಿ, 10ರಿಂದ ಭಾಗಿಸಿದರೆ 2 ಬರುತ್ತದೆ. ಆ ಸಂಖ್ಯೆ ಯಾವುದು?

ಕೊನೆಯಿಂದ ಹೊರಡೋಣ: 2, 20, 12, 144, 196, 14. ಇಲ್ಲಿ ಎಚ್ಚರ ಬೇಕು. ಮೂರನೇ ಒಂದು ಭಾಗ ಕಳೆದು 14 ಉಳಿದಿದೆ. ಹಾಗೆಂದು 14ರ ಮೂರನೇ ಒಂದು ಭಾಗ ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಉಳಿದಿರುವುದು ಮೂರರಲ್ಲಿ ಎರಡು ಪಾಲು. ಆದ್ದರಿಂದ ಅದರ ಅರ್ಧವನ್ನು ಸೇರಿಸಬೇಕು. ಭಾಸ್ಕರ ಇದಕ್ಕೆಂದೇ ಪ್ರತ್ಯೇಕ ನಿಯಮ ಕೊಟ್ಟಿದ್ದಾನೆ. ಮುಂದೆ 21, 147, 84, ಕೊನೆಗೆ 28.

ಅಂಗಡಿಯ ಲೆಕ್ಕವೂ ಹೀಗೆಯೇ. 100 ರೂಪಾಯಿಯ ವಸ್ತುವಿಗೆ ಶೇಕಡಾ 25 ಏರಿಸಿದರೆ 125. ಮೊದಲಿನ ಬೆಲೆಗೆ ಮರಳಲು ಇಳಿಸಬೇಕಾದದ್ದು ಶೇಕಡಾ 25 ಅಲ್ಲ, 20 ಮಾತ್ರ.

ಇನ್ನೊಂದು ಸೂಕ್ಷ್ಮವೂ ಇದೆ. 196ಕ್ಕೆ ಋಣ 14 ಕೂಡ ವರ್ಗಮೂಲ. ಆ ಹಾದಿಯಲ್ಲಿ ನಡೆದರೆ ಋಣ 28 ಸಿಗುತ್ತದೆ. ಅದೂ ಲೆಕ್ಕಕ್ಕೆ ಸರಿಹೊಂದುತ್ತದೆ! ಧನ ಸಂಖ್ಯೆಗೆ ಎರಡು ವರ್ಗಮೂಲಗಳುಂಟೆಂದು ಭಾಸ್ಕರನೇ ‘ಬೀಜಗಣಿತ’ದಲ್ಲಿ ಹೇಳಿದ್ದಾನೆ, ಆದರೆ ‘ಲೀಲಾವತಿ’ಯ ಉತ್ತರ 28 ಒಂದೇ.

ಹೀಗೆ ಒಂದು ಸಂಖ್ಯೆ ಕೊಟ್ಟರೆ ಒಂದೇ ಫಲ ಕೊಡುವ ನಿಯಮಕ್ಕೆ ಇಂದಿನ ಬೀಜಗಣಿತದಲ್ಲಿ ‘ಫಂಕ್ಷನ್’ ಎಂದು ಹೆಸರು. 1734ರಲ್ಲಿ ಆಯ್ಲರ್ ಅದಕ್ಕೆ ‘ಎಫ್’ ಗುರುತನ್ನು ಬಳಸಿದ. ವಿಲೋಮ ಫಂಕ್ಷನ್ನಿಗೆ ತಲೆಯ ಮೇಲೆ ‘ಋಣ ಒಂದು’ ಬರೆಯುವ ರೂಢಿಯನ್ನು 1813ರಲ್ಲಿ ಜಾನ್ ಹರ್ಷೆಲ್ ತಂದ. ಎರಡು ಬೇರೆ ಸಂಖ್ಯೆಗಳು ಒಂದೇ ಫಲ ಕೊಡುವಂತಿದ್ದರೆ ವಿಲೋಮವಿಲ್ಲ. ಋಣ ಸಂಖ್ಯೆಗಳನ್ನು ಹೊರಗಿಟ್ಟರೆ ಮಾತ್ರ ಭಾಸ್ಕರನ ಲೆಕ್ಕಕ್ಕೆ ಹಿಂತಿರುಗುವ ದಾರಿ ಒಂದೇ ಆಗುತ್ತದೆ. ಬಂದ ದಾರಿಯಲ್ಲೇ ಮರಳಬೇಕಾದರೆ, ಹೊರಟದ್ದು ಎಲ್ಲಿಂದ ಎಂಬುದರ ಗುರುತು ಉಳಿದಿರಬೇಕು.