ಜಾವಾ ಏಕೆ ನಿಂತಿತು? ಮೈಸೂರಿನ ಒಂದು ಕಾರ್ಖಾನೆಯ ಕಥೆ



ಎರಡು ಸೈಲೆನ್ಸರುಗಳಿಂದ ನೀಲಿ ಹೊಗೆ ಬಿಡುತ್ತಾ ಹೋಗುವ ಹಳೆಯ ಮೋಟಾರ್ ಸೈಕಲ್ಲೊಂದನ್ನು ನೀವು ಎಂದಾದರೂ ನೋಡಿರಬಹುದು. ಅದರಲ್ಲಿ ಕಿಕ್ ಹೊಡೆಯುವ ಲಿವರೇ ಗೇರಿನ ಲಿವರೂ ಹೌದು. ಅದು ನಮ್ಮ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ ಅಥವಾ ಯೆಜ್ಡಿ. ಇಂದಿಗೂ ಜುಲೈ ತಿಂಗಳ ಎರಡನೆಯ ಭಾನುವಾರ ಅದರ ಅಭಿಮಾನಿಗಳು ಊರೂರುಗಳಲ್ಲಿ ಸೇರುತ್ತಾರೆ. ಇಷ್ಟು ಪ್ರೀತಿ ಗಳಿಸಿದ ಗಾಡಿಯ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದ್ದೇಕೆ? ಬನ್ನಿ, ಈ ಪ್ರಶ್ನೆಗೆ ಉತ್ತರ ಹುಡುಕೋಣ.

ಜಾವಾ ಹುಟ್ಟಿದ್ದು 1929ರಲ್ಲಿ, ಅಂದಿನ ಜೆಕೊಸ್ಲೊವಾಕಿಯಾದಲ್ಲಿ. ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ವಿನ್ಯಾಸವನ್ನು ಕೊಂಡು ಗಾಡಿ ತಯಾರಿಸತೊಡಗಿದ. ಇಬ್ಬರ ಹೆಸರಿನ ಮೊದಲಕ್ಷರಗಳು ಸೇರಿ ‘ಜಾವಾ’ ಆಯಿತು. 1960ರಲ್ಲಿ ರುಸ್ತುಂ ಇರಾನಿ ಅವರ ಮುಂದಾಳ್ತನದಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಯಿತು. 1973ರಿಂದ ಗಾಡಿಗಳು ‘ಯೆಜ್ಡಿ’ ಎಂಬ ಹೆಸರಿನಲ್ಲಿ ಹೊರಬಂದವು.

ಆ ಕಾಲದಲ್ಲಿ ವಾಹನ ತಯಾರಿಸಲು ಸರ್ಕಾರದ ಲೈಸೆನ್ಸ್ ಬೇಕಿತ್ತು. ಎಷ್ಟು ತಯಾರಿಸಬೇಕೆಂಬುದಕ್ಕೂ ಮಿತಿಯಿತ್ತು. ವಿದೇಶಿ ಗಾಡಿಗಳಿಗೆ ಪ್ರವೇಶವಿರಲಿಲ್ಲ. ಎನ್‌ಫೀಲ್ಡ್ ಬುಲೆಟ್, ರಾಜದೂತ್ ಬಿಟ್ಟರೆ ಹೇಳಿಕೊಳ್ಳುವಂಥ ಪ್ರತಿಸ್ಪರ್ಧಿಗಳೂ ಇರಲಿಲ್ಲ. ಹೀಗಾಗಿ 250 ಸಿ.ಸಿ.ಯ ಗಟ್ಟಿಮುಟ್ಟಾದ ಯೆಜ್ಡಿಗೆ ತನ್ನದೇ ಆದ ಗಿರಾಕಿಗಳಿದ್ದರು.

1980ರ ದಶಕದಲ್ಲಿ ಸರ್ಕಾರ ಜಪಾನಿನ ಕಂಪನಿಗಳೊಂದಿಗೆ ಸಹಯೋಗಕ್ಕೆ ಅವಕಾಶ ಕೊಟ್ಟಿತು. ಸುಜುಕಿ, ಹೋಂಡಾ, ಯಮಹಾ, ಕಾವಾಸಾಕಿಗಳ 100 ಸಿ.ಸಿ. ಗಾಡಿಗಳು ಒಂದರ ಹಿಂದೊಂದು ಬಂದವು. 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100ರದು ನಾಲ್ಕು ಸ್ಟ್ರೋಕಿನ ಎಂಜಿನ್. ಯೆಜ್ಡಿಯದು ಎರಡು ಸ್ಟ್ರೋಕಿನದು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಸುಟ್ಟ ಅನಿಲ ಹೊರಗೆ ಹೋಗುವಾಗಲೇ ಹೊಸ ಪೆಟ್ರೋಲ್ ಮಿಶ್ರಣ ಒಳಗೆ ಬರುತ್ತದೆ. ಅದರಲ್ಲಿ ಒಂದು ಪಾಲು ಉರಿಯದೆಯೇ ಹೊರಗೆ ಹೋಗಿಬಿಡುತ್ತದೆ. ಪೆಟ್ರೋಲಿಗೆ ಬೆರೆಸಿದ ಆಯಿಲೂ ಉರಿದು ಹೊಗೆಯಾಗುತ್ತದೆ. ಮೈಲೇಜ್ ಕಡಿಮೆ, ಹೊಗೆ ಹೆಚ್ಚು.

ನನ್ನ ಸೋದರಮಾವನ ಬಳಿಯೂ ಒಂದು ಯೆಜ್ಡಿ ಇತ್ತು. ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ಅವರು ಅದಕ್ಕೆ ಟಾರ್ಪಾಲು ಹೊದಿಸಿ, ಕೆಲಸಕ್ಕೆ ಹೋಗಿಬರಲು 100 ಸಿ.ಸಿ. ಗಾಡಿ ತಂದರು. ಏಕೆ ಮಾವ ಎಂದರೆ, “ಪ್ರೀತಿ ಬೇರೆ ಕಣೋ, ಪೆಟ್ರೋಲಿನ ಲೆಕ್ಕ ಬೇರೆ” ಎಂದರು.

ಈಗ ಕಾರ್ಖಾನೆಯ ಲೆಕ್ಕವನ್ನು ನೋಡೋಣ. ಹೊಸ ಎಂಜಿನ್ನಿನ ವಿನ್ಯಾಸ, ಅಚ್ಚು ಮತ್ತು ಪರೀಕ್ಷೆಗೆ 10 ಕೋಟಿ ರೂಪಾಯಿ ಬೇಕೆಂದು ಊಹಿಸಿಕೊಳ್ಳಿ. 10 ಲಕ್ಷ ಗಾಡಿ ಮಾರುವ ಕಂಪನಿಗೆ ಒಂದು ಗಾಡಿಯ ಮೇಲೆ ಬೀಳುವುದು 100 ರೂಪಾಯಿ. 10 ಸಾವಿರ ಗಾಡಿ ಮಾರುವ ಕಂಪನಿಗೆ ಅದೇ ಖರ್ಚು 10 ಸಾವಿರ ರೂಪಾಯಿ! ಬಿಡಿಭಾಗ ಒದಗಿಸುವವರೂ ದೊಡ್ಡ ಗಿರಾಕಿಗೇ ಕಡಿಮೆ ದರ ಕೊಡುತ್ತಾರೆ. ಸಣ್ಣ ಕಂಪನಿ ಹಳೆಯ ಎಂಜಿನ್ನನ್ನೇ ಇಟ್ಟುಕೊಂಡರೆ ಹಿಂದೆ ಬೀಳುತ್ತದೆ, ಹೊಸದನ್ನು ಮಾಡಹೊರಟರೆ ಸಾಲದಲ್ಲಿ ಮುಳುಗುತ್ತದೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಗಾಡಿ ಗಟ್ಟಿಯಾಗಿದ್ದಷ್ಟೂ ಅದರ ಅಭಿಮಾನಿ ಹೊಸದನ್ನು ಕೊಳ್ಳುವುದಿಲ್ಲ. ಇಪ್ಪತ್ತು ವರ್ಷ ಒಂದೇ ಯೆಜ್ಡಿ ಓಡಿಸಿದವರ ಪ್ರೀತಿ ದೊಡ್ಡದೇ. ಆದರೆ ಅದರಿಂದ ಕಾರ್ಮಿಕರ ಸಂಬಳ ಹುಟ್ಟುವುದಿಲ್ಲ.

ಇದರ ಮೇಲೆ ಹೊಗೆಯ ನಿಯಮಗಳು ಬಂದವು. 1991ರಲ್ಲಿ ಮೊದಲ ಮಿತಿ, 1996ರಲ್ಲಿ ಇನ್ನೂ ಬಿಗಿಯಾದ ಮಿತಿ. ನಿಯಮ ಎಲ್ಲರಿಗೂ ಒಂದೇ. ಅದನ್ನು ಪಾಲಿಸುವ ಖರ್ಚನ್ನು ದೊಡ್ಡವರು ಲಕ್ಷಾಂತರ ಗಾಡಿಗಳ ಮೇಲೆ ಹಂಚಿಕೊಂಡರು. ಸಣ್ಣವರಿಗೆ ಹಾಗೆ ಹಂಚಲು ಗಾಡಿಗಳೇ ಇರಲಿಲ್ಲ. ಕಾರ್ಖಾನೆ ಮುಚ್ಚಲು ಹೊಗೆಯ ನಿಯಮವೊಂದೇ ಕಾರಣವೆಂದರೆ ತಪ್ಪಾದೀತು. ಮೊದಲೇ ಬಳಲಿದ್ದ ಎತ್ತಿಗೆ ಅದು ಮತ್ತೊಂದು ಮೂಟೆಯಾಯಿತು.

ಹಾಗಾದರೆ ಬುಲೆಟ್ ಹೇಗೆ ಉಳಿಯಿತು ಎಂದು ನೀವು ಕೇಳಬಹುದು. ಮದರಾಸಿನ ಆ ಕಂಪನಿಯೂ ಕಷ್ಟದಲ್ಲೇ ಇತ್ತು. ಆದರೆ 1994ರಲ್ಲಿ ಅದು ಐಷರ್ ಸಮೂಹದ ಕೈಸೇರಿತು. 2000ದ ಸುಮಾರಿಗೆ ಮಾರಿಬಿಡುವ ಯೋಚನೆ ಬಂದಾಗಲೂ ಸಿದ್ಧಾರ್ಥ ಲಾಲ್ ಒಂದು ಅವಕಾಶ ಕೇಳಿ ಪಡೆದರು. ಬೆನ್ನಿಗೆ ಬೇರೆ ವ್ಯವಹಾರಗಳ ಬಲವಿತ್ತು. ಹೊಸ ಎಂಜಿನ್ ಬರುವವರೆಗೆ ತಾಳಿಕೊಳ್ಳಲು ಕಾಲಾವಕಾಶ ಸಿಕ್ಕಿತು. 2014ರಲ್ಲಿ ಅದು 3 ಲಕ್ಷಕ್ಕೂ ಹೆಚ್ಚು ಗಾಡಿ ಮಾರಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮರಳಿದ್ದೂ ಮಹೀಂದ್ರಾದ ಬಂಡವಾಳವಿದ್ದ ಕಂಪನಿಯಿಂದಲೇ. ಆದರೆ ಅವು ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಮರಳಿತು, ಮೈಸೂರಿನ ಕೆಲಸಗಳು ಮರಳಲಿಲ್ಲ.

ಒಳ್ಳೆಯ ವಸ್ತು ತಯಾರಿಸಿದರೆ ಸಾಕೆಂದು ನಾವು ತಿಳಿಯುತ್ತೇವೆ. ಅದು ಅರ್ಧ ಸತ್ಯ ಮಾತ್ರ. ಬದಲಾವಣೆಯ ಖರ್ಚನ್ನು ಹೊರುವ ಶಕ್ತಿಯೂ ಬೇಕು, ಅದನ್ನು ಕೈಯಲ್ಲಿ ಹಣವಿರುವ ಒಳ್ಳೆಯ ದಿನಗಳಲ್ಲೇ ಕೂಡಿಸಿಡಬೇಕು. ಈ ಭಾನುವಾರ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ: ಅವರು ಮೊದಲು ಕೊಂಡ ಗಾಡಿ ಯಾವುದು, ಅದನ್ನು ಬಿಟ್ಟದ್ದೇಕೆ? ಅವರ ಉತ್ತರದಲ್ಲಿ ನಮ್ಮ ಕೈಗಾರಿಕೆಯ ಇತಿಹಾಸದ ಒಂದು ಪುಟ ನಿಮಗೆ ಸಿಗುತ್ತದೆ.