ಹಗೇವಿನ ಬೆಕ್ಕು, ಹಿತ್ತಲ ಓತಿಕ್ಯಾತ

ನೇಸರಗಿ, ಬೈಲಹೊಂಗಲ ಸೀಮೆಯ ರೈತರ ಮನೆಗಳಲ್ಲಿ ಬೆಕ್ಕಿಗೆ ಠಾವು ಸಿಕ್ಕಿದ್ದು ಇಲಿಯ ದೆಸೆಯಿಂದ. ಎರೆಹೊಲದ ಬಿಳಿಜೋಳ ನೆಲದೊಳಗಿನ ಹಗೇವಿಗೆ ಇಳಿಯುತ್ತಿತ್ತು, ದಿನದ ಬಳಕೆಯ ಕಾಳು ಮನೆಯೊಳಗೇ ಇರುತ್ತಿತ್ತು. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ, ಸುಮಾರು 9,500 ವರ್ಷ ಹಳೆಯ ಬೆಕ್ಕೊಂದು ಸಿಕ್ಕಿರುವುದರಿಂದ ಈ ನಂಟು ಒಕ್ಕಲುತನದಷ್ಟೇ ಹಳೆಯದೆನ್ನಬಹುದು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿಯನ್ನೂ ಹಿಡಿಯಿತು. ರೋಗಕ್ಕೆ ಇಲಿ ಕಾರಣವೆಂದು ಗೊತ್ತಾದ ಮೇಲೆ, ವೈದ್ಯಾಧಿಕಾರಿ ಬುಕಾನನ್ 1908ರಲ್ಲಿ ಬೆಕ್ಕು ಸಾಕುವುದೇ ಮದ್ದೆಂದು ಬರೆದರು.

ಹಲ್ಲಿ, ಓತಿಕ್ಯಾತಗಳ ಬೇಟೆ ಮಾತ್ರ ಯಾರೂ ಹೇಳಿ ಮಾಡಿಸಿದ್ದಲ್ಲ. ಒಡೆಯರು ಹಾಕುತ್ತಿದ್ದುದು ಒಂದಿಷ್ಟು ಹಾಲು, ರೊಟ್ಟಿಯ ಚೂರು. ಉಳಿದದ್ದನ್ನು ಬೆಕ್ಕೇ ಹುಡುಕಿಕೊಳ್ಳಬೇಕಿತ್ತು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆ ಬಿಡುವುದಿಲ್ಲ ಎಂಬುದು ಬೇರೆ ಮಾತು. ಬೆಳಗಿನ ಚಳಿಗೆ ಮೈ ಸೆಡೆತು, ಕಲ್ಲುಗೋಡೆಯ ಮೇಲೆ ಬಿಸಿಲು ಕಾಯಿಸುತ್ತ ಕೂತ ಓತಿಕ್ಯಾತ ಸುಲಭದ ತುತ್ತು. ಮಳೆಗಾಲದಲ್ಲಿ ಮೊಟ್ಟೆಯಿಡಲು ಹೆಣ್ಣು ಬೇಲಿಯಿಂದ ಇಳಿದು ಮೆತ್ತನೆಯ ಮಣ್ಣು ತೋಡುತ್ತದೆ; ಆಗ ಅದಕ್ಕೆ ಓಡಿ ಪಾರಾಗುವ ದಾರಿ ಕಡಿಮೆ. ಹಲ್ಲಿ, ಹಾವುರಾಣಿಗಳು ಬಾಲ ಕಳಚಿ ಜೀವ ಉಳಿಸಿಕೊಳ್ಳುತ್ತವೆ. ಬೆಕ್ಕು ಮಿಡುಕುವ ಬಾಲದ ಮೇಲೆ ಪಂಜ ಒತ್ತಿ ನಿಂತಾಗ ಒಡಲು ಗೋಡೆಯ ಸಂದಿ ಸೇರಿರುತ್ತದೆ. ಓತಿಕ್ಯಾತನಿಗೆ ಆ ಉಪಾಯವಿಲ್ಲ.

ಹಲ್ಲಿಗೆ ಜನರ ಕಡೆಯಿಂದ ಒಂದು ಬಗೆಯ ಕಾವಲಿತ್ತು. ಅದು ಮೈಮೇಲೆ ಬಿದ್ದರೆ ಏನು ಫಲ ಎಂಬುದನ್ನು ಪಂಚಾಂಗಗಳು ಅಂಗಾಂಗಕ್ಕೂ ಹೇಳುತ್ತವೆ, ಲೊಚಗುಟ್ಟಿದರೆ ಆಡಿದ ಮಾತು ನಿಜವೆನ್ನುತ್ತಾರೆ. ಹೀಗಾಗಿ ಅದನ್ನು ಕೊಲ್ಲಲು ಹಿಂಜರಿಕೆ. ಬೆಕ್ಕಿಗೆ ಪಂಚಾಂಗದ ಹಂಗಿಲ್ಲ. ಈ ಬೇಟೆಯಿಂದ ಅದಕ್ಕೊಂದು ಕೇಡೂ ಉಂಟು: ಬಿಸಿನಾಡುಗಳಲ್ಲಿ ಬಸವನಹುಳುವಿನಿಂದ ಹೊರಟ ಒಂದು ಪರೋಪಜೀವಿ ಹುಳು ಹಲ್ಲಿಯ ಮೂಲಕ ಬೆಕ್ಕಿನ ಪಿತ್ತನಾಳ ಸೇರಿ ಕಾಮಾಲೆ ತರಬಲ್ಲದು.

ಇಪ್ಪತ್ತನೆಯ ಶತಮಾನದಲ್ಲಿ ಮನೆಯ ಕಟ್ಟಡವೇ ಬದಲಾಯಿತು. ಹಗೇವುಗಳು ಮುಚ್ಚಿದವು, ಮಣ್ಣಿನ ಮಾಳಿಗೆಯ ಬದಲು ಸ್ಲ್ಯಾಬ್ ಬಂತು. ಕಲ್ಲುಮಣ್ಣಿನ ಗೋಡೆಯ ಸಂದುಗಳು ಸಿಮೆಂಟಿನಡಿ ಹೋದವು. ಆದರೆ ಕರೆಂಟಿನ ದೀಪಕ್ಕೆ ಹುಳ ಮುತ್ತಿದವು, ಹುಳಕ್ಕೆ ಹಲ್ಲಿ ಬಂದವು. ಬೆಕ್ಕಿನ ರಾತ್ರಿಯ ಬೇಟೆ ಹಗೇವಿನ ಬಾಯಿಂದ ಕಟ್ಟೆಯ ಬಲ್ಬಿನ ಕೆಳಗೆ ಬಂತು.